ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ‘ಜ್ಯಾಗರಿ’ ಎಂಬ ಹೆಸರು ಬಂದದ್ದು ಎಲ್ಲಿಂದ? ಪೊಟ್ಟಣದ ಮೇಲೆ ಏನು ಬರೆಸಲಿ?

ಆಲೆಮನೆಯವ, ಪಾಂಡವಪುರ (ಪ್ರಶ್ನೆ)

ನಮ್ಮದು ಅಜ್ಜನ ಕಾಲದ ಆಲೆಮನೆ. ಇಷ್ಟು ದಿನ ಅಚ್ಚು ಬೆಲ್ಲವನ್ನು ಮಂಡ್ಯದ ಮಾರುಕಟ್ಟೆಗೆ ಹಾಕಿ, ಮಂಡಿಯವರು ಕೊಟ್ಟ ಚೀಟಿ ಹಿಡಿದುಕೊಂಡು ಬರುತ್ತಿದ್ದೆವು. ಈಗ ಅಕ್ಕನ ಮಗ ಮೆಲ್ಬರ್ನಿನ ಭಾನುವಾರದ ಸಂತೆಯೊಂದರಲ್ಲಿ ಮೇಜು ಹಾಕಿ ನಮ್ಮ ಬೆಲ್ಲ ಮಾರುತ್ತಿದ್ದಾನೆ. ಅರ್ಧ ಕಿಲೋ ಪೊಟ್ಟಣ, ಮೇಲೆ ದಪ್ಪಕ್ಷರದಲ್ಲಿ ‘ಜ್ಯಾಗರಿ’ ಎಂಬ ಇಂಗ್ಲಿಷ್ ಹೆಸರು. ಅಲ್ಲಿಯವರು ರುಚಿ ನೋಡುವುದಕ್ಕೂ ಮೊದಲು ಇದು ಯಾವ ಭಾಷೆಯ ಪದ ಎಂದು ಕೇಳುತ್ತಾರಂತೆ. ಕೆಲವರು ‘ಜ್ಯಾಗೆಡ್’ ಎಂಬ ಪದವನ್ನು ನೆನೆದು, ಒಡೆದ ಬೆಲ್ಲದ ಅಂಚು ಮೊನಚಾಗಿರುತ್ತದೆ, ಅದಕ್ಕೇ ಈ ಹೆಸರಿರಬೇಕು ಎಂದು ತಾವೇ ಅರ್ಥ ಹಚ್ಚುತ್ತಾರಂತೆ.

ಪೊಟ್ಟಣದ ಹಿಂಬದಿಯಲ್ಲಿ ಎರಡು ಸಾಲಿನಷ್ಟು ಜಾಗ ಖಾಲಿ ಇದೆ. “ಕನ್ನಡದಿಂದ ಇಂಗ್ಲಿಷಿಗೆ ಹೋದ ಪದ ಎಂದು ಅಚ್ಚು ಹಾಕಿಸಿಬಿಡೋಣ ಮಾವ, ಯಾರು ಕೇಳುತ್ತಾರೆ” ಎನ್ನುತ್ತಾನೆ ಹುಡುಗ. ಅವನಿಗೆ ಆಧಾರವೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಚಿತ್ರ: ‘ಜಗಿ’ ಎಂಬ ಕನ್ನಡ ಧಾತುವಿನಿಂದ ಜ್ಯಾಗರಿ ಬಂತು ಎಂದು ಅದರಲ್ಲಿದೆ. ನನಗೇಕೋ ಗಂಟಲಿನಲ್ಲಿ ಇಳಿಯುತ್ತಿಲ್ಲ. ಜಗಿಯುವುದು ಕಬ್ಬನ್ನು. ಬೆಲ್ಲವನ್ನು ಚೀಪುತ್ತೇವೆ.

ಬಣ್ಣಕ್ಕೆ ಏನೂ ಬೆರೆಸದೆ, ಬೆಂಡೆ ಗಿಡದ ಲೋಳೆಯಲ್ಲೇ ಕೊಪ್ಪರಿಗೆಯ ಕೊಳೆ ತೆಗೆದು ಮಾಡಿದ ಬೆಲ್ಲ ನಮ್ಮದು. ಅದರ ಬೆನ್ನಿನ ಮೇಲೆ ಸುಳ್ಳು ಅಚ್ಚು ಹಾಕಿಸಲು ಮನಸ್ಸು ಒಪ್ಪುವುದಿಲ್ಲ. ತಿಳಿದವರು ದಯವಿಟ್ಟು ಹೇಳಿ.

ನಾಡಪ್ರೇಮಿ

ಅನುಮಾನವೇಕೆ? ಜಗಿ, ಜಗಿಯರಿ, ಜ್ಯಾಗರಿ. ಕೇಳಿದರೇ ಗೊತ್ತಾಗುತ್ತದೆ. ನಮ್ಮ ಪದವನ್ನು ನಮ್ಮದೆಂದು ಹೇಳಿಕೊಳ್ಳಲು ಸಂಕೋಚವೇಕೆ? ಧೈರ್ಯವಾಗಿ ಬರೆಸಿ.

ಕರಡು ತಿದ್ದುವವ, ಮೈಸೂರು

ಕೇಳಿದರೇ ಗೊತ್ತಾಗುತ್ತದೆ ಎನ್ನುವುದೇ ಪದಗಳ ವಿಷಯದಲ್ಲಿ ಅಪಾಯದ ಮಾತು. ಪತ್ರಿಕೆಯ ಸುದ್ದಿಮನೆಯಲ್ಲಿ ಬೇರೆಯವರ ಬರಹ ತಿದ್ದಿಯೇ ನನ್ನ ತಲೆ ನರೆತದ್ದು. ‘ಜಗಿಯರಿ’ ಎಂಬ ಪದವನ್ನು ನಾನು ಯಾವ ಕೋಶದಲ್ಲಿಯೂ ಯಾರ ಬಾಯಲ್ಲಿಯೂ ಕಂಡಿಲ್ಲ. ಎರಡು ಪದಗಳ ನಡುವೆ ಸೇತುವೆ ಬೇಕಾದಾಗ ಹೊಸದೊಂದನ್ನು ಸೃಷ್ಟಿಸಿ ನಿಲ್ಲಿಸಿದರೆ ಆ ಸೇತುವೆ ಭಾರ ಹೊರುವುದಿಲ್ಲ.

ಆಲೆಮನೆಯವರೇ, ನಿಮ್ಮ ಪೊಟ್ಟಣಕ್ಕೆ ಇದಕ್ಕಿಂತ ಚೆಲುವಾದ ಕಥೆ ಇದೆ, ಮತ್ತು ಅದು ನಿಜ. ಸ್ವಲ್ಪ ಉದ್ದ, ತಾಳ್ಮೆ ಇರಲಿ.

ಮೂಲ ಸಂಸ್ಕೃತದ ‘ಶರ್ಕರಾ’. ಅದರ ಹಳೆಯ ಅರ್ಥ ಹರಳು, ಮರಳಿನ ಕಣ. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸಿದಾಗ ಕಂಡದ್ದಕ್ಕೂ ಅದೇ ಹೆಸರು ನಿಂತಿತು. ಪಶ್ಚಿಮದ ಹಾದಿ ಹಿಡಿದಾಗ ಅದು ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಇಟಲಿಯಲ್ಲಿ ಜುಕ್ಕೆರೋ, ಫ್ರಾನ್ಸಿನಲ್ಲಿ ಸುಕ್ರ್ ಆಗಿ ಇಂಗ್ಲಿಷಿನಲ್ಲಿ ಶುಗರ್ ಆಯಿತು. ಗ್ರೀಕರ ಕೈಯಲ್ಲಿ ‘ಸಾಕ್ಖರೋನ್’, ಲ್ಯಾಟಿನ್ನಿನಲ್ಲಿ ‘ಸಾಕ್ಕರಮ್’. ನಿಮ್ಮ ಹೊಲದ ಕಬ್ಬಿಗೆ ಲಿನೇಯಸ್ 1753ರಲ್ಲಿ ಇಟ್ಟ ಶಾಸ್ತ್ರೀಯ ಹೆಸರು ಸ್ಯಾಕರಮ್ ಅಫಿಸಿನೇರಮ್. ಅದರೊಳಗೂ ನಮ್ಮ ಸಕ್ಕರೆಯೇ ಕುಳಿತಿದೆ. 1879ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಕಬ್ಬಿನ ಸೋಂಕೇ ಇಲ್ಲದ ಸಿಹಿ ಪುಡಿ ಸಿಕ್ಕಿದಾಗ ಅದಕ್ಕೂ ಸ್ಯಾಕರಿನ್ ಎಂದು ಅದೇ ಹೆಸರಿನ ತುಂಡನ್ನು ಅಂಟಿಸಿದರು.

ಇದು ನೆಲದ ಹಾದಿ. ಜ್ಯಾಗರಿ ಹೋದದ್ದು ಕಡಲ ಹಾದಿಯಲ್ಲಿ. ಪೋರ್ಚುಗೀಸರು 1498ರಲ್ಲಿ ಕೋಳಿಕ್ಕೋಡಿಗೆ ಬಂದರಲ್ಲ, ಅವರ ನಾಲಗೆಯ ಮೇಲೆ ಆಗಲೇ ಸಕ್ಕರೆಗೆ ‘ಅಸೂಕರ್’ ಎಂಬ ಪದವಿತ್ತು. ಅರಬ್ಬರ ‘ಅಸ್ಸುಕ್ಕರ್’ ಎಂಬುದೇ ಅದು. ಮಲಬಾರಿನಲ್ಲಿ ಜನ ಕಂದು ಬಣ್ಣದ ಇನ್ನೊಂದು ಸಿಹಿಯನ್ನು ತೋರಿಸಿ ‘ಚಕ್ಕರ’ ಎಂದರು. ಅದೂ ಶರ್ಕರಾದ ಮಗುವೇ. ತಮ್ಮ ಮನೆಯಲ್ಲಿದ್ದ ಪದವೇ ಬೇರೆ ಅಂಗಿ ತೊಟ್ಟು ಬಂದಿದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಹೊಸ ವಸ್ತು, ಹೊಸ ಹೆಸರು ಎಂದುಕೊಂಡು ‘ಜಾಗರ’, ‘ಜಾಗ್ರ’ ಎಂದು ಬರೆದುಕೊಂಡರು. ಅದರ ಮೊದಲಲ್ಲಿರುವ ಪೋರ್ಚುಗೀಸರ ‘j’ ಅಕ್ಷರದ ಉಚ್ಚಾರ ನಮ್ಮ ‘ಶ’ಕಾರಕ್ಕೆ ಹತ್ತಿರವಾದದ್ದು. ಆಮೇಲೆ ಇಂಗ್ಲಿಷರು ಅದನ್ನು ಕಾಗದದ ಮೇಲೆ ನೋಡಿ ಗಟ್ಟಿಯಾಗಿ ‘ಜ’ ಎಂದು ಓದಿದರು. ‘ಕ್ಕ’ ಹೋಗಿ ‘ಗ’ ಆಯಿತಲ್ಲ ಎಂದು ತಲೆ ಕೆಡಿಸಿಕೊಳ್ಳಬೇಡಿ. ಫ್ರೆಂಚಿನ ಸುಕ್ರ್ ಇಂಗ್ಲಿಷಿಗೆ ಬಂದು ಶುಗರ್ ಆದಾಗಲೂ ‘ಕ’ ಹೋಗಿ ‘ಗ’ ಬಂದಿದೆ.

ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯ ಗೋವೆಯಲ್ಲಿ 1563ರಲ್ಲಿ ಅಚ್ಚು ಹಾಕಿಸಿದ ಔಷಧವಸ್ತುಗಳ ಗ್ರಂಥದಲ್ಲಿ ಜಾಗ್ರ ಬರುತ್ತದೆ. ತೆಂಗಿನ ಮರದಿಂದ ಇಳಿಸಿದ ‘ಸುರ’ವನ್ನು ಬಿಸಿಲಿಗಿಟ್ಟೋ ಬೆಂಕಿಗಿಟ್ಟೋ ಮಾಡುವ ಸಕ್ಕರೆಯನ್ನು ಹೀಗೆ ಕರೆಯುತ್ತಾರೆ ಎನ್ನುತ್ತಾನೆ ಅವನು. ಗೋವೆಯ ಆರ್ಚ್‌ಬಿಷಪ್ಪರ ಬಳಿ ಕಾರ್ಯದರ್ಶಿಯಾಗಿದ್ದ ಲಿನ್‌ಷೋಟೆನ್ ಎಂಬ ಡಚ್ಚನ ಪ್ರವಾಸ ಗ್ರಂಥ 1598ರಲ್ಲಿ ಇಂಗ್ಲಿಷಿಗೆ ಬಂದಾಗ ಪದವೂ ಜೊತೆಯಲ್ಲೇ ಬಂತು. ಬಣ್ಣ ಕಂದು, ಆದ್ದರಿಂದ ಇದಕ್ಕೆ ಅಷ್ಟು ಬೆಲೆಯಿಲ್ಲ ಎಂದು ಅದರಲ್ಲೊಂದು ಮಾತಿದೆ. ಇವತ್ತು ಅದೇ ಕಂದು ಬಣ್ಣಕ್ಕಾಗಿಯೇ ಮೆಲ್ಬರ್ನಿನವರು ಹೆಚ್ಚು ಡಾಲರು ಕೊಡುತ್ತಿದ್ದಾರೆ. ಲಿನ್‌ಷೋಟೆನ್ ಇದ್ದಿದ್ದರೆ ಏನೆನ್ನುತ್ತಿದ್ದನೋ!

ಗಮನಿಸಿ: ಮೊದಲು ಜ್ಯಾಗರಿ ಎಂದರೆ ಮರದ ಬೆಲ್ಲ. ಕಬ್ಬಿನ ಬೆಲ್ಲಕ್ಕೆ ಆ ಹೆಸರು ಹಬ್ಬಿದ್ದು ಆಮೇಲೆ.

ಇನ್ನು ಕನ್ನಡದ ಪಾಲು. ಕೆಲವು ನಿಘಂಟುಗಳು ಮಲಯಾಳದ ಚಕ್ಕರದ ಪಕ್ಕದಲ್ಲಿ ನಮ್ಮ ಸಕ್ಕರೆಯನ್ನೂ ಹೆಸರಿಸುತ್ತವೆ. ಆದರೆ ನಮ್ಮಲ್ಲಿ ಸಕ್ಕರೆ ಬೇರೆ, ಬೆಲ್ಲ ಬೇರೆ. ಬೆಲ್ಲ ತಾ ಎಂದವನಿಗೆ ಸಕ್ಕರೆ ಕೊಟ್ಟರೆ ಸುಮ್ಮನಿರುತ್ತಾನೆಯೇ? ಮಲಯಾಳದಲ್ಲಿ ಚಕ್ಕರ ಎಂದರೆ ಬೆಲ್ಲವೇ. ಸಿಂಹಳದಲ್ಲಿಯೂ ಇದೇ ಪದದಿಂದ ಬಂದ ‘ಹಕುರು’ ಎಂಬುದಕ್ಕೆ ಬೆಲ್ಲ ಎಂದೇ ಅರ್ಥ. ಆದ್ದರಿಂದ ಪೋರ್ಚುಗೀಸರಿಗೆ ಪದ ಸಿಕ್ಕಿದ್ದು ಕೇರಳದ ಕರಾವಳಿಯಲ್ಲಿ ಎನ್ನುವುದೇ ನನ್ನ ಎಣಿಕೆ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಹೊರತಂದ ‘ಹಾಬ್ಸನ್-ಜಾಬ್ಸನ್’ ಕೋಶವೂ ಜ್ಯಾಗರಿ ಎಂಬುದು ಶುಗರ್ ಪದದ್ದೇ ಮತ್ತೊಂದು ರೂಪ ಎಂದು ಬರೆದು ಮುಂದೆ ಹೋಗುತ್ತದೆ. ನಿಮ್ಮ ಎರಡು ಸಾಲಿಗೆ ಅಷ್ಟು ಸಾಕು.

ಕಡಲ ತಡಿ, ಮಂಗಳೂರು

ಕರಡು ತಿದ್ದುವವರು ಹೇಳಿದ್ದಕ್ಕೆ ನನ್ನದೊಂದು ಸಾಕ್ಷಿ. ನಮ್ಮ ಮನೆಮಾತು ಕೊಂಕಣಿ. ನಮ್ಮಲ್ಲಿ ಬೆಲ್ಲಕ್ಕೆ ಗೋಡ್, ಸಕ್ಕರೆಗೆ ಸಾಕರ್. ಗೋವೆಯ ಕಡೆ ತೆಂಗಿನ ಕಳ್ಳಿನಿಂದ ಮಾಡಿದ, ಕರ್ರಗಿನ ಗೋಪುರದಂತಹ ಬೆಲ್ಲದ ಮುದ್ದೆ ಸಿಗುತ್ತದೆ, ಅದಕ್ಕೂ ‘ಮಾಡಾಚೆಂ ಗೋಡ್’ ಎನ್ನುತ್ತಾರೆ. ಓರ್ತಾ ಬರೆದ ಸುರ ಇದೆಯಲ್ಲ, ಅದು ಇಂದಿಗೂ ನಮ್ಮ ಬಾಯಲ್ಲಿ ‘ಸುರ್’. ಇಡ್ಲಿಯಂತಹ ನಮ್ಮ ಸನ್ನಾ ತಿಂಡಿಯ ಹಿಟ್ಟು ಹುದುಗು ಬರಲು ಹಾಕುವುದು ಅದನ್ನೇ. ಅಂದರೆ ಗೋವೆಯಲ್ಲಿ ಕುಳಿತು ಬರೆದರೂ ಜಾಗ್ರ ಎಂಬುದು ಗೋವೆಯ ಪದವಲ್ಲ ಮಾರಾಯರೇ! ದಕ್ಷಿಣದಿಂದಲೇ ಹತ್ತಿ ಬಂದಿರಬೇಕು.

ನಮ್ಮ ಜಿಲ್ಲೆಯಲ್ಲಿ ತಾಳೆಯ ಗರಿಯಲ್ಲಿ ಸುತ್ತಿ ಮಾರುವ ಓಲೆ ಬೆಲ್ಲ ಎಂಬ ಮರದ ಬೆಲ್ಲ ಈಗ ಅಪರೂಪವಾಗಿದೆ. ಹಳೆಯ ಲೆಕ್ಕದಲ್ಲಿ ನಿಜವಾದ ಜ್ಯಾಗರಿ ಅದೇ ಆಯಿತು. ಪಾಂಡವಪುರದವರು ಬೇಸರ ಮಾಡಿಕೊಳ್ಳಬಾರದು.

ನಾಡಪ್ರೇಮಿ

ಸರಿ, ಬೆಲ್ಲವನ್ನು ಬಿಟ್ಟುಕೊಟ್ಟೆ. ಹಾಗಾದರೆ ಇಂಗ್ಲಿಷಿಗೆ ನಾವು ಕೊಟ್ಟ ಪದ ಒಂದೂ ಇಲ್ಲವೇ? ಕಾಡುನಾಯಿಗೆ ಅವರು ಹೇಳುವ ‘ಧೋಲ್’ ನಮ್ಮ ತೋಳದಿಂದ ಬಂತು ಎಂದು ಓದಿದ್ದೇನೆ. ಅದನ್ನೂ ಕಿತ್ತುಕೊಳ್ಳುತ್ತೀರಾ?

ಕರಡು ತಿದ್ದುವವ, ಮೈಸೂರು

ಕಿತ್ತುಕೊಳ್ಳುವುದಿಲ್ಲ, ಆದರೆ ಪಹಣಿಯನ್ನು ನಿಮ್ಮ ಹೆಸರಿಗೆ ಬರೆದುಕೊಡುವುದೂ ಇಲ್ಲ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಧೋಲ್ ಪದದ ಮುಂದೆ ಕನ್ನಡದ ತೋಳವನ್ನು ಹೆಸರಿಸಿರುವುದು ನಿಜ. ಆದರೆ ಜೊತೆಗೆ ‘ಇರಬಹುದು’ ಎಂಬ ಮಾತಿದೆ. ವಾಟ್ಸ್‌ಆ್ಯಪ್‌ಗೆ ಬರುವ ಹೊತ್ತಿಗೆ ಮೊದಲು ಬಿದ್ದುಹೋಗುವುದೇ ಆ ಮಾತು.

ನನ್ನ ಅಡ್ಡಿ ಎರಡು. ತೋಳ ಬೇರೆ, ಧೋಲ್ ಎನ್ನುವ ಸೀಳುನಾಯಿ ಬೇರೆ. ತೋಳ ಬಯಲಿನದು, ಕುರಿಮಂದೆಯ ಸುತ್ತ ಸುಳಿಯುವುದು. ಸೀಳುನಾಯಿ ಬಂಡೀಪುರ, ನಾಗರಹೊಳೆಗಳಂತಹ ಕಾಡಿನದು, ಕೆಂಪು ಮೈ, ಕಪ್ಪು ಪೊದೆ ಬಾಲ, ಕೂಗೂ ಬೇರೆ. ಯಾವ ಕುರುಬನೂ ಇವೆರಡನ್ನು ಒಂದೆಂದು ಬೆರೆಸುವುದಿಲ್ಲ. ಎರಡನೆಯದು, ಆ ಪದವನ್ನು ಸ್ಥಳೀಯರ ಬಳಕೆಯೆಂದು 1808ರ ಸುಮಾರಿಗೆ ಬರೆದಿಟ್ಟ ಥಾಮಸ್ ವಿಲಿಯಮ್‌ಸನ್ ಎಂಬ ಸೈನಿಕ ಪ್ರಾಣಿಯನ್ನು ಕಂಡದ್ದು ರಾಮಗಢದ ಸೀಮೆಯಲ್ಲಿ. ಅದು ಇಂದಿನ ಜಾರ್ಖಂಡ್. ಅಲ್ಲಿಗೆ ನಮ್ಮ ತೋಳ ಹೇಗೆ ನಡೆದುಹೋಯಿತು ಎಂಬುದನ್ನು ಯಾರಾದರೂ ತೋರಿಸಿದರೆ ಸಂತೋಷದಿಂದ ಒಪ್ಪುತ್ತೇನೆ.

ಕೊಬ್ಬರಿಯ ಕಾಪ್ರಾ, ಹುರಿಹಗ್ಗದ ಕಾಯರ್, ಅಡಿಕೆಯ ಅರೇಕಾ, ಇವೆಲ್ಲ ಹತ್ತಿದ್ದು ಅದೇ ಪೋರ್ಚುಗೀಸ್ ಹಡಗನ್ನು, ಬಹುಮಟ್ಟಿಗೆ ಅದೇ ಮಲಬಾರಿನ ಬಂದರುಗಳಲ್ಲಿ. ತಿಪಟೂರಿನಲ್ಲಿ ನಿಂತು ಉಂಡೆ ಕೊಬ್ಬರಿ ಹಿಡಿದು ಕಾಪ್ರಾ ನಮ್ಮ ಪದದ ಬಂಧು ಎಂದರೆ ನಾನು ತಕರಾರು ಮಾಡುವುದಿಲ್ಲ. ಬಂಧು ಎನ್ನಿ, ಮಗ ಎನ್ನಬೇಡಿ.

ಆಲೆಮನೆಯವ, ಪಾಂಡವಪುರ

ಸರ್, ತುಂಬಾ ಉಪಕಾರವಾಯಿತು. ಅಳಿಯನಿಗೆ ಓದಿ ಹೇಳಿದೆ. ಹೀಗೆ ಬರೆಸೋಣ ಎಂದಿದ್ದೇವೆ, ಇಂಗ್ಲಿಷಿಗೆ ಅವನೇ ಮಾಡುತ್ತಾನೆ: “ಶುಗರ್ ಮತ್ತು ಜ್ಯಾಗರಿ ಒಂದೇ ತಾಯಿಯ ಮಕ್ಕಳು. ಒಂದು ಪರ್ಷಿಯಾ, ಅರೇಬಿಯಾಗಳ ಮೂಲಕ ಯುರೋಪಿಗೆ ಹೋಯಿತು, ಇನ್ನೊಂದು ಭಾರತದ ಪಶ್ಚಿಮ ಕರಾವಳಿಯಿಂದ ಪೋರ್ಚುಗೀಸರ ಹಡಗಿನಲ್ಲಿ.”

ಇನ್ನೊಂದು ತೊಡಕು. ಪಾಕ ಗಟ್ಟಿಯಾಗುವ ಮುಂಚೆಯೇ ಇಳಿಸಿ ಶೀಸೆಗೆ ತುಂಬುವ ನೀರುಬೆಲ್ಲವನ್ನೂ ಕಳಿಸಬೇಕೆಂದಿದ್ದೇವೆ. ಶಿರಸಿಯ ಕಡೆ ಜೋನಿ ಬೆಲ್ಲ ಎನ್ನುತ್ತಾರಲ್ಲ, ಅದೇ ಹದ. ಚೀಟಿ ವಿನ್ಯಾಸ ಮಾಡುವ ಹುಡುಗಿ ಅದಕ್ಕೆ ‘ಮೊಲಾಸಸ್’ ಎಂದು ಹಾಕಿದ್ದಾಳೆ. ಅಳಿಯ ‘ಟ್ರೀಕಲ್’ ಎನ್ನುತ್ತಾನೆ. ಯಾವುದು ಸರಿ?

ಕರಡು ತಿದ್ದುವವ, ಮೈಸೂರು

ಎರಡು ಸಾಲು ಚೆನ್ನಾಗಿವೆ. ‘ಮಕ್ಕಳು’ ಇರಲಿ, ತಾಯಿಯ ಹೆಸರು ಶರ್ಕರಾ ಎಂದು ಸೇರಿಸಿ. ಹೆಸರಿಲ್ಲದ ತಾಯಿಯನ್ನು ಕಂಡರೆ ಓದುವವರಿಗೆ ಮತ್ತೆ ಪ್ರಶ್ನೆ ಹುಟ್ಟುತ್ತದೆ.

ಮೊಲಾಸಸ್ ಮಾತ್ರ ಬೇಡವೇ ಬೇಡ. ಅದು ಕಾಕಂಬಿ. ಕಾರ್ಖಾನೆಯಲ್ಲಿ ಸಕ್ಕರೆಯ ಹರಳನ್ನೆಲ್ಲ ತೆಗೆದ ಮೇಲೆ ಉಳಿಯುವ, ಡಿಸ್ಟಿಲರಿಗೂ ದನದ ಮೇವಿಗೂ ಹೋಗುವ ಕಪ್ಪು ದ್ರವ. ನಿಮ್ಮದರಲ್ಲಿ ಹರಳನ್ನು ತೆಗೆದೇ ಇಲ್ಲ, ಕಬ್ಬಿನ ಸಿಹಿಯೆಲ್ಲ ಅದರಲ್ಲೇ ಇದೆ. ವಿಚಿತ್ರವೆಂದರೆ ಆ ಪದದ ಮೂಲ ನಿಮ್ಮ ಶೀಸೆಗೇ ಹೆಚ್ಚು ಒಪ್ಪುತ್ತದೆ: ಪೋರ್ಚುಗೀಸರ ‘ಮೆಲಾಸೊ’, ಅದರ ಹಿಂದೆ ಜೇನಿಗೆ ಲ್ಯಾಟಿನ್ನಿನಲ್ಲಿದ್ದ ‘ಮೆಲ್’. ಆದರೆ ಗಿರಾಕಿ ವ್ಯುತ್ಪತ್ತಿ ನೋಡಿ ಕೊಳ್ಳುವುದಿಲ್ಲ, ಇವತ್ತಿನ ಅರ್ಥ ನೋಡಿ ಕೊಳ್ಳುತ್ತಾನೆ.

ಟ್ರೀಕಲ್ ಕಥೆ ಇನ್ನೂ ಮಜವಾಗಿದೆ. ಗ್ರೀಕಿನಲ್ಲಿ ‘ಥೇರಿಯೋನ್’ ಎಂದರೆ ಕಾಡುಮೃಗ. ವಿಷಜಂತು ಕಚ್ಚಿದರೆ ಕೊಡುವ ಮದ್ದಿಗೆ ‘ಥೇರಿಯಾಕೆ’ ಎಂದು ಹೆಸರಾಯಿತು. ಹತ್ತಾರು ಮೂಲಿಕೆ, ಹಾವಿನ ಮಾಂಸ ಎಲ್ಲ ಅರೆದು ಜೇನಿನಲ್ಲಿ ಕಲಸಿದ ಲೇಹ್ಯ ಅದು. ನೀರೋ ಚಕ್ರವರ್ತಿಯ ವೈದ್ಯ ಆಂಡ್ರೊಮಾಕಸ್ ಹೆಸರಿನಲ್ಲಿ ಅದರ ಪ್ರಸಿದ್ಧ ಪಾಠ ಉಳಿದಿದೆ. ಯುನಾನಿ ವೈದ್ಯರ ‘ತಿರ್ಯಾಕ್’ ಕೂಡ ಅದೇ ಪದ. ಫ್ರೆಂಚರ ಮೂಲಕ ಇಂಗ್ಲೆಂಡಿಗೆ ಬಂದ ಟ್ರೀಕಲ್ ಮೊದಲಿಗೆ ವಿಷಹಾರಿಯೇ. ಕಾಲ ಕಳೆದಂತೆ ಮದ್ದನ್ನು ಕಲಸುವ ಸಿಹಿ ಪಾಕಕ್ಕೇ ಆ ಹೆಸರು ಅಂಟಿಕೊಂಡಿತು. 17ನೆಯ ಶತಮಾನದ ಕೊನೆಯ ಹೊತ್ತಿಗೆ ಸಕ್ಕರೆ ಶುದ್ಧಿ ಮಾಡುವಾಗ ಉಳಿಯುವ ಪಾಕವೂ ಟ್ರೀಕಲ್ ಆಯಿತು. ಔಷಧ ಹೋಯಿತು, ಅನುಪಾನ ಉಳಿಯಿತು! ಈಗ ಅದೂ ಸಕ್ಕರೆ ಕಾರ್ಖಾನೆಯ ಪದಾರ್ಥವೇ ಆದ್ದರಿಂದ ನಿಮಗೆ ಹೊಂದುವುದಿಲ್ಲ.

‘ಜ್ಯಾಗರಿ ಸಿರಪ್’ ಎಂದು ಹಾಕಿಸಿ. ಸಾಮಾನ್ಯ ಪದ, ಎಲ್ಲರಿಗೂ ತಿಳಿಯುತ್ತದೆ. ಸಿರಪ್ ಬಂದದ್ದು ಅರಬ್ಬಿಯ ‘ಶರಾಬ್’ನಿಂದ ಎಂಬುದನ್ನು ಮಾತ್ರ ನಿಮ್ಮ ಮನೆಯ ಹಿರಿಯರಿಗೆ ಹೇಳಬೇಡಿ. ಅರಬ್ಬಿಯಲ್ಲಿ ಅದಕ್ಕೆ ಪಾನೀಯ ಎಂದಷ್ಟೇ ಅರ್ಥ, ನಮ್ಮ ಶರಬತ್ತು ಕೂಡ ಅದೇ ಮನೆಯದು. ಆದರೂ ಕನ್ನಡದ ಕಿವಿಗೆ ನಿಮ್ಮ ಶೀಸೆಯ ಮೇಲಿನ ಹೆಸರು ‘ಸಕ್ಕರೆ ಶರಾಬು’ ಎಂದಾಗುತ್ತದೆ.

ಅರಳೆ ಅಂಗಡಿ, ಹುಬ್ಬಳ್ಳಿ

ಬೆಲ್ಲದ ಚರ್ಚೆಯಲ್ಲಿ ಹತ್ತಿಯವನು ತಲೆ ಹಾಕುತ್ತಿದ್ದೇನೆ, ಕ್ಷಮಿಸಿ. ಸಕ್ಕರೆ ಸುದ್ದಿ ಬಂದದ್ದರಿಂದ ಕೇಳುತ್ತೇನೆ. ನಮ್ಮ ವ್ಯಾಪಾರದಲ್ಲಿ ಅರಳೆಯ ದರ ಹೇಳುವುದು ‘ಕ್ಯಾಂಡಿ’ ಲೆಕ್ಕದಲ್ಲಿ. ಒಂದು ಕ್ಯಾಂಡಿ ಎಂದರೆ 356 ಕಿಲೋ. ಬೇಲಿನ ತೂಕ 170 ಕಿಲೋ, ಆದ್ದರಿಂದ ಕ್ಯಾಂಡಿಗೆ ಎರಡು ಬೇಲು ತುಂಬಿ ಚೂರು ಮಿಗುತ್ತದೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ದರಪಟ್ಟಿಯಲ್ಲಿ ‘ಕಾಟನ್ ಕ್ಯಾಂಡಿ’ ಎಂದು ಕಂಡು, ಅಪ್ಪ ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿ ಮಾರುತ್ತಾನೆ ಎಂದು ಗೆಳತಿಯರ ಮುಂದೆ ನನ್ನ ಮಾನ ಕಳೆದಿದ್ದಾಳೆ. ಮಿಠಾಯಿಯ ಕ್ಯಾಂಡಿಗೂ ನಮ್ಮ ತೂಕದ ಕ್ಯಾಂಡಿಗೂ ಏನಾದರೂ ಸಂಬಂಧವಿದೆಯೇ, ಇಲ್ಲ ಬರೀ ಕಾಕತಾಳೀಯವೇ?

ಕರಡು ತಿದ್ದುವವ, ಮೈಸೂರು

ನಿಮ್ಮ ಮಗಳು ಗೊತ್ತಿಲ್ಲದೆಯೇ ಸರಿಯಾದ ಎಳೆಯನ್ನು ಹಿಡಿದಿದ್ದಾಳೆ. ಎರಡೂ ಬಂದದ್ದು ಒಡೆ, ತುಂಡು ಮಾಡು ಎಂಬ ಅರ್ಥದ ‘ಖಂಡ್’ ಎಂಬ ಸಂಸ್ಕೃತ ಧಾತುವಿನಿಂದ. ಕಲ್ಲುಸಕ್ಕರೆಯಂತಹ ತುಂಡು ಸಕ್ಕರೆಗೆ ಖಂಡ ಎಂಬ ಹೆಸರಿತ್ತು. ಖಂಡಸಾರಿಯಲ್ಲಿ ಅದು ಇನ್ನೂ ಉಳಿದಿದೆ. ಅದು ಪಾರಸಿಯಲ್ಲಿ ಕಂದ್, ಅರಬ್ಬಿಯಲ್ಲಿ ಕಂದಿ, ಫ್ರೆಂಚಿನಲ್ಲಿ ‘ಸುಕ್ರ್ ಕಾಂದಿ’, ಇಂಗ್ಲಿಷಿನಲ್ಲಿ ಕ್ಯಾಂಡಿ. ಇದು ಶುಗರ್ ಹೋದ ಹಾದಿಯೇ.

ನಿಮ್ಮ ಅಂಗಡಿಯ ಕ್ಯಾಂಡಿ ಮರಾಠಿ, ತೆಲುಗುಗಳ ‘ಖಂಡಿ’, ಪೋರ್ಚುಗೀಸರ ಬರಹದಲ್ಲಿ ‘ಕಾಂದಿಲ್’. ಅದು ಜ್ಯಾಗರಿ ಹೋದ ಹಾದಿ. ಸಾಮಾನ್ಯವಾಗಿ 20 ಮಣಕ್ಕೆ ಒಂದು ಖಂಡಿ, ಆದರೆ ಊರಿಗೊಂದು ಮಣ ಇದ್ದದ್ದರಿಂದ ಊರಿಗೊಂದು ಖಂಡಿ. ಹತ್ತಿಯವರು 784 ಪೌಂಡಿನ ಖಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅದನ್ನೇ ಕಿಲೋಗೆ ಇಳಿಸಿದಾಗ ನಿಮ್ಮ 356 ಬಂತು.

ಅರಳೆ ಅಂಗಡಿ, ಹುಬ್ಬಳ್ಳಿ

ಹಾಗಾದರೆ ಹಳೇ ಮೈಸೂರಿನವರ ಖಂಡುಗ?

ಕರಡು ತಿದ್ದುವವ, ಮೈಸೂರು

ಅದೂ ಅದೇ ಬಳಗ. ಆದರೆ ಖಂಡುಗ ತೂಕವಲ್ಲ, ಅಳತೆ: 20 ಕೊಳಗ ಭತ್ತ ಅಳೆದರೆ ಒಂದು ಖಂಡುಗ. ಖಂಡುಗ ಗದ್ದೆ ಎಂದು ನೆಲಕ್ಕೂ ಹೇಳುತ್ತಿದ್ದರು. ಪಾಂಡವಪುರದವರ ಹಳೆಯ ಪತ್ರಗಳಲ್ಲಿ ಸಿಗಬಹುದು, ಅವರನ್ನೇ ಕೇಳಿ.

ಆಲೆಮನೆಯವ, ಪಾಂಡವಪುರ

ಇದೆ ಸರ್. ಅಜ್ಜನ ವಿಭಾಗಪತ್ರದಲ್ಲಿ ಗದ್ದೆಯೆಲ್ಲ ಖಂಡುಗದ ಲೆಕ್ಕದಲ್ಲೇ ಇದೆ. ಇಂದಿನ ಗುಂಟೆಗೆ ಅದನ್ನು ಹೊಂದಿಸುವಷ್ಟರಲ್ಲಿ ಸರ್ವೆಯವರಿಗೂ ನಮ್ಮ ದಾಯಾದಿಗಳಿಗೂ ಸಾಕುಬೇಕಾಯಿತು. ಆ ಪ್ರಶ್ನೆಯನ್ನು ಬೇರೆಯಾಗಿಯೇ ಹಾಕುತ್ತೇನೆ. ಚೀಟಿ ನಾಳೆ ಅಚ್ಚಿಗೆ ಹೋಗುತ್ತಿದೆ, ಶರ್ಕರಾ ಸೇರಿಸಿದ್ದೇನೆ.